ಗಪ್ಪನ ಕೂಸು, ಗದ್ದಲದ ಕೂಸು

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹಳ್ಳಿಗಳಲ್ಲಿ ಕೂಸು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಬಾಣಂತಿಯ ಕೋಣೆಯ ದೀಪ ಆರದಂತೆ ನೋಡಿಕೊಳ್ಳುವ ರೂಢಿಯುಂಟು. ಆ ರಾತ್ರಿ ಸಟವಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳನ್ನು ಬರೆದು ಹೋಗುತ್ತಾಳೆಂಬುದು ನಂಬಿಕೆ. ಸಂಸ್ಕೃತದ ಷಷ್ಠೀದೇವಿಯೇ ಜನರ ಬಾಯಲ್ಲಿ ಸಟವಿಯಾಗಿದ್ದಾಳೆ. ಸೆಟವಿ ಎಂದೂ ಕರೆಯುವುದುಂಟು. ಬರೆಯುವ ಕೆಲಸ ಮುಗಿಸಿದ ಮೇಲೂ ಅವಳು ಕೂಸಿನ ಸಂಗ ಬಿಡುವವಳಲ್ಲ. ನಿದ್ದೆಯಲ್ಲಿ ಕೂಸು ತಾನೇ ತಾನಾಗಿ ನಕ್ಕರೆ, ತುಟಿ ಸೊಟ್ಟ ಮಾಡಿ ಬಿಕ್ಕಿದರೆ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಹೊರಳಿದರೆ, "ಸಟವಿ ಆಡಸ್ಲಿಕತ್ತಾಳ, ಎಬ್ಬಸಬ್ಯಾಡ್ರಿ" ಎಂದು ಮನೆಯ ಹಿರಿಯ ಹೆಂಗಸರು ಹೇಳುತ್ತಾರೆ.

ಹೀಗೆ ಮಲಗಿದ ಕೂಸನ್ನು ದಿಟ್ಟಿಸಿ ನೋಡಿದವರು ಅದರ ಹುಟ್ಟುಗುಣಕ್ಕೂ ಹೆಸರಿಟ್ಟಿದ್ದಾರೆ. ಮಲಗಿಸಿದಲ್ಲಿ ಮಲಗುವುದು ಗಪ್ಪನ ಕೂಸು. ರಾತ್ರಿಯೆಲ್ಲ ಜಾಗರಣೆ ಮಾಡಿಸುವುದು ಹಟದ ಕೂಸು. ಹೊಸ ಮುಖ ಕಂಡರೆ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿ, ಒಂದಷ್ಟು ಹೊತ್ತಿನ ನಂತರ ಒಂದೇ ಕಣ್ಣಿನಿಂದ ಇಣುಕುವುದು ಅಂಜುಬುರುಕ ಕೂಸು. ಯಾದಗಿರಿಗೆ ಸಮೀಪದ ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಮಠದ ಜಾತ್ರೆಗೆ ಸುತ್ತಲಿನ ಊರುಗಳ ತಾಯಂದಿರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತಾರೆ. ಇಂಥ ಜಾತ್ರೆಯ ಗದ್ದಲದಲ್ಲಿ ಡೊಳ್ಳಿನ ಪಕ್ಕದಲ್ಲೇ ಬಾಯಿ ತೆರೆದು ನಿದ್ದೆ ಹೋಗುವ ಕೂಸೂ ಇರುತ್ತದೆ, ಪಕ್ಕದವರು ಕೆಮ್ಮಿದರೆ ಬೆಚ್ಚಿಬೀಳುವ ಕೂಸೂ ಇರುತ್ತದೆ. ಇಬ್ಬರೂ ಒಂದೇ ತಾಯಿಯ ಮಕ್ಕಳಾಗಿರಬಹುದು. (ಊರಿನ ಹೆಸರಿನ ಮೂಲ ಏನೇ ಇರಲಿ, ಹಳಗನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ ಎಂಬುದು ಇಲ್ಲಿ ನೆನಪಾಗದೆ ಇರದು.)

ಈ ವ್ಯತ್ಯಾಸ ಎಲ್ಲಿಂದ ಬಂತು, ಅದಕ್ಕೂ ನಿದ್ದೆಗೂ ಏನು ನಂಟು, ಎಚ್ಚರವಿದ್ದಾಗ ಕೂಸಿನ ಲಕ್ಷ್ಯ ಒಂದೆಡೆ ನಿಲ್ಲುವುದಕ್ಕೂ ನಿಲ್ಲದಿರುವುದಕ್ಕೂ ಏನು ನಂಟು ಎಂಬ ಪ್ರಶ್ನೆಗಳಿಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಉದ್ದಕ್ಕೂ ಇನ್ನೊಂದು ಪ್ರಶ್ನೆ ಸದ್ದಿಲ್ಲದೆ ಜೊತೆಗೇ ನಡೆದುಬಂದಿದೆ. ‘ಒಳ್ಳೆಯ ಕೂಸು’ ಎಂದು ನಾವು ಯಾವುದನ್ನು ಕರೆಯುತ್ತೇವೆ? ಕೂಸಿಗೆ ಒಳ್ಳೆಯದಾಗಿರುವುದನ್ನೋ, ನಮಗೆ ತೊಂದರೆ ಕೊಡದಿರುವುದನ್ನೋ?

ಸಟವಿಯ ಆಟದಿಂದಲೇ ಆರಂಭಿಸಬಹುದು. 1950ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಿದ್ರೆಯ ಅಧ್ಯಯನಕ್ಕೆ ಹೆಸರಾಗಿದ್ದ ನಥಾನಿಯಲ್ ಕ್ಲೈಟ್‌ಮನ್ ಎಂಬ ಪ್ರಾಧ್ಯಾಪಕರಿದ್ದರು. ಯುಜೀನ್ ಅಸೆರಿನ್ಸ್ಕಿ ಎಂಬ ವಿದ್ಯಾರ್ಥಿಗೆ ಅವರು ವಹಿಸಿದ ಕೆಲಸ ಬೇಸರ ಹುಟ್ಟಿಸುವಂಥದ್ದು: ಮಲಗಿದ ಹಸುಗೂಸುಗಳ ರೆಪ್ಪೆಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರುವುದು. ಅದನ್ನೇ ಆತ ದೊಡ್ಡವರಿಗೂ ವಿಸ್ತರಿಸಿ, ಕಣ್ಣಿನ ಚಲನೆಯನ್ನು ಯಂತ್ರದಿಂದ ದಾಖಲಿಸಿದಾಗ, ನಿದ್ದೆ ಎಂಬುದು ಒಂದೇ ಬಗೆಯ ಮಂಪರಲ್ಲ, ಅದರೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಹೊರಳುವ ಬೇರೊಂದು ಅವಸ್ಥೆ ಸರದಿಯಂತೆ ಬಂದುಹೋಗುತ್ತದೆ ಎಂಬುದು ಗೊತ್ತಾಯಿತು. 1953ರಲ್ಲಿ ಪ್ರಕಟವಾದ ಈ ಶೋಧದಿಂದ ನಿದ್ರಾವಿಜ್ಞಾನದ ದಿಕ್ಕೇ ಬದಲಾಯಿತು. ಕನಸುಗಳು ಹೆಚ್ಚಾಗಿ ಈ ‘ಕಣ್ಣಾಡುವ ನಿದ್ದೆ’ಯಲ್ಲಿ ಬೀಳುತ್ತವೆ. ದೊಡ್ಡವರ ನಿದ್ದೆಯಲ್ಲಿ ಇದರ ಪಾಲು ಸುಮಾರು ಕಾಲುಭಾಗವಾದರೆ, ಆಗತಾನೆ ಹುಟ್ಟಿದ ಕೂಸಿನಲ್ಲಿ ಸುಮಾರು ಅರ್ಧ. ನಗು, ಬಿಕ್ಕು, ಮುಖದ ಸೊಟ್ಟ ಎಲ್ಲವೂ ಈ ಹೊತ್ತಿನವೇ. ಮುದುಕಿಯರು ಸಟವಿ ಎಂದು ಕರೆದದ್ದನ್ನು ಶಿಕಾಗೊದವರು ಬೇರೆ ಹೆಸರಿನಿಂದ ಕರೆದರು. ನೋಡಿದ್ದು ಮಾತ್ರ ಒಂದನ್ನೇ. "ಎಬ್ಬಸಬ್ಯಾಡ್ರಿ" ಎಂಬ ಎಚ್ಚರಿಕೆಯೂ ವ್ಯರ್ಥವಲ್ಲ. ಈ ನಿದ್ದೆಯಲ್ಲಿ ಕೂಸು ಮಿಸುಕಾಡಿ ಸದ್ದು ಮಾಡಿದರೆ ಎದ್ದೇಬಿಟ್ಟಿತು ಎಂದು ತಿಳಿದು ಎತ್ತಿಕೊಳ್ಳುವವರು ಬಹಳ. ಸುಮ್ಮನಿದ್ದರೆ ಅದು ಎಷ್ಟೋ ಸಲ ತಾನಾಗಿಯೇ ಮತ್ತೆ ಆಳದ ನಿದ್ದೆಗೆ ಇಳಿಯುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಎಳೆಗೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ತಾಸು ಮಲಗುತ್ತದೆ. ಆದರೆ ಅದರ ನಿದ್ದೆಯ ಒಂದು ಸುತ್ತು ಒಂದು ತಾಸಿನೊಳಗೇ ಮುಗಿಯುತ್ತದೆ, ಮತ್ತು ಮೊದಲ ಎರಡು ಮೂರು ತಿಂಗಳು ಹಗಲು ರಾತ್ರಿಗಳ ಲೆಕ್ಕ ಅದರ ಮೈಗೆ ತಿಳಿದಿರುವುದಿಲ್ಲ. ಹೀಗಾಗಿ ತಿಂಗಳ ಕೂಸು ರಾತ್ರಿ ಏಳುತ್ತದೆಂದು ಅದಕ್ಕೆ ‘ಹಟ’ದ ಪಟ್ಟ ಕಟ್ಟುವುದು ಅವಸರದ ಮಾತು. ಹುಟ್ಟುಗುಣದ ವ್ಯತ್ಯಾಸ ಸ್ಪಷ್ಟವಾಗಿ ಕಾಣತೊಡಗುವುದು ಆಮೇಲೆ.

ನಮ್ಮ ಪ್ರಾಚೀನ ವೈದ್ಯರು ಹುಟ್ಟುಗುಣವನ್ನು ‘ಪ್ರಕೃತಿ’ ಎಂದರು. ತಂದೆ ತಾಯಿಗಳ ಬೀಜ, ಗರ್ಭಾಶಯ, ಋತುಕಾಲ, ಬಸುರಿಯ ಆಹಾರ ಇವೆಲ್ಲ ಸೇರಿ ಗರ್ಭದಲ್ಲೇ ಅದು ನಿರ್ಧಾರವಾಗುತ್ತದೆಂದು ಚರಕಸಂಹಿತೆ ಹೇಳುತ್ತದೆ. ಸುಶ್ರುತನ ಪ್ರಕಾರ ವಾತಪ್ರಕೃತಿಯವನ ಲಕ್ಷಣಗಳಲ್ಲಿ ಜಾಗರಣೆಯೂ ಒಂದು. ಗ್ರೀಕರೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಯೋಚಿಸಿ ನಾಲ್ಕು ರಸಗಳ ಮಿಶ್ರಣದಿಂದ ಸ್ವಭಾವ ಆಗುತ್ತದೆ ಎಂದರು. ಈ ರಸಗಳೂ ದೋಷಗಳೂ ಇಂದಿನ ವಿಜ್ಞಾನದಲ್ಲಿ ನಿಲ್ಲುವುದಿಲ್ಲ. ಆದರೆ ಇವರ ಗ್ರಂಥಗಳಲ್ಲಿ ಕೂಸನ್ನು ಹತ್ತಿರದಿಂದ ನೋಡಿದವರ ಕಣ್ಣು ಎದ್ದು ಕಾಣುತ್ತದೆ. ನೇಪಾಳದಲ್ಲಿ ಸಿಕ್ಕ ತಾಳೆಗರಿಯ ಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆ ಮಕ್ಕಳ ವೈದ್ಯಕ್ಕೇ ಮೀಸಲಾದ ಗ್ರಂಥ. ಮಾತು ಬಾರದ ಕೂಸಿಗೆ ಎಲ್ಲಿ ನೋವೆಂದು ತಿಳಿಯುವ ಬಗೆಯನ್ನು ಹೇಳುವ ಒಂದು ಅಧ್ಯಾಯವೇ ಅದರಲ್ಲಿದೆ. ತಲೆನೋವಿರುವ ಕೂಸು ತಲೆ ಅಲುಗಿಸುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ನರಳುತ್ತದೆ, ಅದಕ್ಕೆ ನಿದ್ದೆ ಬಾರದು ಎಂದು ಅಲ್ಲಿದೆ. ಅಂದರೆ ರಾತ್ರಿಯ ಅಳುವನ್ನು ಸ್ವಭಾವದ ಲೆಕ್ಕಕ್ಕೆ ಹಾಕುವ ಮುನ್ನ ನೋವಿದೆಯೇ ನೋಡು ಎಂಬ ವಿವೇಕ.

ಸುಶ್ರುತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೂಸನ್ನು ಗದರಿಸಬಾರದು, ಬೆದರೀತೆಂಬ ಕಾರಣಕ್ಕೆ ಮಲಗಿದ್ದನ್ನು ಥಟ್ಟನೆ ಎಬ್ಬಿಸಬಾರದು, ಮೇಲಕ್ಕೆ ಎಸೆದು ಆಡಿಸಬಾರದು ಎಂದು ವಿಧಿಸುತ್ತಾನೆ. ಚರಕಸಂಹಿತೆಯೋ, ಮಗು ಅತ್ತಿತೆಂದೋ ಉಣ್ಣಲಿಲ್ಲವೆಂದೋ ರಾಕ್ಷಸ ಪಿಶಾಚಿಗಳ ಹೆಸರು ಕೂಗಿ ಅಂಜಿಸುವುದು ಸಲ್ಲದು ಎನ್ನುತ್ತದೆ. ಈ ವಿಧಿಯನ್ನು ನಮ್ಮ ಮನೆಗಳು ಎಂದೂ ಪಾಲಿಸಿದಂತೆ ಕಾಣುವುದಿಲ್ಲ. ‘ಗುಮ್ಮ ಬಂದ’ ಎನ್ನದೆ ಮಲಗಿಸಿದ ಮನೆ ಅಪರೂಪ. ಪುರಂದರದಾಸರ ಒಂದು ಪದದಲ್ಲಿ ಬಾಲಕೃಷ್ಣನೇ ತಾಯಿಗೆ ಗುಮ್ಮನನ್ನು ಕರೆಯಬೇಡವೆಂದು ಅಂಗಲಾಚುತ್ತ ಇನ್ನು ಮೇಲೆ ತಂಟೆ ಮಾಡುವುದಿಲ್ಲವೆಂದು ಮಾತು ಕೊಡುತ್ತಾನೆ. ಜಗತ್ತನ್ನೇ ಸಾಕುವವನಿಗೂ ಗಪ್ಪನ ಕೂಸಾಗುವ ಒತ್ತಾಯ ತಪ್ಪಲಿಲ್ಲ ಎನ್ನೋಣ.

ಪಶ್ಚಿಮದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಹುಟ್ಟುಗುಣ ಎಂಬ ಮಾತೇ ಹಿಂದೆ ಸರಿಯಿತು. ಕೂಸು ಖಾಲಿ ಹಲಗೆ, ತಾಯಿ ಬರೆದದ್ದೇ ಬರಹ ಎಂಬ ವಾದ ಮೇಲುಗೈ ಪಡೆಯಿತು. 1928ರಲ್ಲಿ ಜಾನ್ ವಾಟ್ಸನ್ ಎಂಬ ಮನೋವಿಜ್ಞಾನಿ ಬರೆದ ಶಿಶುಪಾಲನೆಯ ಪುಸ್ತಕ ಮಕ್ಕಳನ್ನು ಮುದ್ದಾಡಬೇಡಿ, ಎತ್ತಿಕೊಳ್ಳಬೇಡಿ ಎಂದು ಬೋಧಿಸಿತು. ಕೂಸು ನಿದ್ದೆ ಮಾಡದಿದ್ದರೆ ತಪ್ಪು ತಾಯಿಯದು ಎಂದಾಯಿತು. ಇದರಿಂದ ರೋಸಿಹೋದವರಲ್ಲಿ ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಸೇರಿದ್ದರು. ಒಂದೇ ತೆರನಾಗಿ ಬೆಳೆಸಿದರೂ ತಮ್ಮ ಸುತ್ತಲಿನ ಮಕ್ಕಳು ಹುಟ್ಟಿದಂದಿನಿಂದ ಬೇರೆಬೇರೆ ಇರುವುದನ್ನು ಅವರು ಕಂಡಿದ್ದರು. 1956ರಲ್ಲಿ ಅವರು ಆರಂಭಿಸಿದ ಅಧ್ಯಯನ 133 ಮಕ್ಕಳನ್ನು ಎಳೆತನದಿಂದ ಪ್ರಾಯದವರೆಗೆ ಹಿಂಬಾಲಿಸಿತು.

ಮೈಯ ಚಟುವಟಿಕೆ, ಹಸಿವು ನಿದ್ದೆಗಳ ನಿಯಮಿತತೆ, ಹೊಸದನ್ನು ಕಂಡಾಗ ಮುಂದೆ ಬರುವುದೋ ಹಿಂದೆ ಸರಿಯುವುದೋ, ಎಷ್ಟು ಸಣ್ಣ ಸದ್ದು ಅಥವಾ ಬೆಳಕಿಗೆ ಎಚ್ಚರಾಗುತ್ತದೆ, ಹಿಡಿದದ್ದನ್ನು ಎಷ್ಟು ಹೊತ್ತು ಬಿಡದು, ಗಮನವನ್ನು ಬೇರೆಡೆಗೆ ತಿರುಗಿಸುವುದು ಸುಲಭವೋ ಕಷ್ಟವೋ ಮುಂತಾಗಿ ಒಂಬತ್ತು ಲಕ್ಷಣಗಳನ್ನು ಅವರು ಗುರುತಿಸಿದರು. ಇವುಗಳ ಮೇಲಿಂದ ನೂರಕ್ಕೆ ಸುಮಾರು ನಲವತ್ತು ಮಕ್ಕಳು ಸರಳ ಸ್ವಭಾವದವರು, ಹತ್ತು ಮಂದಿ ಕಷ್ಟದವರು, ಹದಿನೈದು ಮಂದಿ ನಿಧಾನಕ್ಕೆ ಒಗ್ಗುವವರು ಎಂದು ಲೆಕ್ಕ ಹಾಕಿದರು. ಉಳಿದ ಮೂವತ್ತೈದು ಮಂದಿ ಯಾವ ಗುಂಪಿಗೂ ಸೇರಲಿಲ್ಲ ಎಂಬುದನ್ನು ಪಠ್ಯಪುಸ್ತಕಗಳು ಮೆಲ್ಲಗೆ ಮರೆಯುತ್ತವೆ. ಗಪ್ಪನ ಕೂಸು, ಹಟದ ಕೂಸು, ಅಂಜುಬುರುಕ ಕೂಸು ಎಂಬ ನಮ್ಮ ಹಳ್ಳಿಯ ಮೂರು ಹೆಸರುಗಳು ಈ ಮೂರು ಗುಂಪುಗಳಿಗೆ ಎಷ್ಟು ಹತ್ತಿರ ಎಂಬುದನ್ನು ಓದುಗರೇ ನೋಡಿಕೊಳ್ಳಬಹುದು. ನಮ್ಮ ದೇಶದ ಮಕ್ಕಳ ಸ್ವಭಾವವನ್ನು ಇದೇ ಜಾಡಿನಲ್ಲಿ ಅಳೆಯುವ ಪ್ರಶ್ನಾವಳಿ 1980ರ ದಶಕದಲ್ಲಿ ಚಂಡೀಗಢದಲ್ಲಿ ಸಿದ್ಧವಾಯಿತು.

ನಿದ್ದೆಯ ಗಂಟು ಬಿಚ್ಚಲು ಯತ್ನಿಸಿದವರು ಪೆನ್ಸಿಲ್ವೇನಿಯದ ಮಕ್ಕಳ ವೈದ್ಯ ವಿಲಿಯಂ ಕೇರಿ. ರಾತ್ರಿ ಪದೇಪದೇ ಏಳುವ ಕೂಸುಗಳ ಸ್ವಭಾವದಲ್ಲಿ ಅವರಿಗೆ ಎದ್ದು ಕಂಡದ್ದು ಹಟವಲ್ಲ, ಸೂಕ್ಷ್ಮತೆ. 1974ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಸಣ್ಣ ಸದ್ದು, ಸಣ್ಣ ಒದ್ದೆ, ಸಣ್ಣ ಬೆಳಕಿಗೂ ಸ್ಪಂದಿಸುವ ಕೂಸುಗಳೇ ಹೆಚ್ಚಾಗಿ ರಾತ್ರಿ ಏಳುವಂಥವು. ಹಗಲಿನಲ್ಲಿ ಲೋಕವನ್ನು ಹೆಚ್ಚು ಒಳಗೆ ಬಿಟ್ಟುಕೊಳ್ಳುವ ಕೂಸು ರಾತ್ರಿ ಬಾಗಿಲು ಹಾಕಿಕೊಳ್ಳಲು ಕಷ್ಟಪಡುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಥಾಮಸ್ ಮತ್ತು ಚೆಸ್ ಅವರ ದೊಡ್ಡ ಕೊಡುಗೆ ಈ ಪಟ್ಟಿಯಲ್ಲ. ಹುಟ್ಟುಗುಣ ತಾನೇ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಕೂಸಿನ ಗುಣಕ್ಕೂ ಮನೆಯ ರೀತಿಗೂ ಹೊಂದಿಕೆಯಿದೆಯೇ ಎಂಬುದೇ ಮುಖ್ಯ ಎಂದು ಅವರು ಹೇಳಿದ್ದು. ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದ ಕೂಲಿಕಾರರ ಮನೆಗಳಲ್ಲಿ ಅವರು ಇದಕ್ಕೆ ಸಾಕ್ಷಿ ಕಂಡರು. ಅಲ್ಲಿ ಮಕ್ಕಳು ಇಷ್ಟೇ ಹೊತ್ತಿಗೆ ಮಲಗಬೇಕೆಂಬ ಕಟ್ಟಳೆ ಇರಲಿಲ್ಲ. ನಿದ್ದೆಯ ಹೊತ್ತು ಏರುಪೇರಾದ ಮಕ್ಕಳು ಅಲ್ಲಿಯೂ ಇದ್ದರು, ಆದರೆ ಶಾಲೆಗೆ ಸೇರಿಸುವವರೆಗೆ ಯಾರಿಗೂ ಅದು ತೊಂದರೆ ಎನಿಸಲಿಲ್ಲ. ಬೆಳಗಿನ ಗಂಟೆ ಬಾರಿಸತೊಡಗಿದ ಮೇಲೆ ಅದೇ ಮಕ್ಕಳು ‘ನಿದ್ದೆಯ ಸಮಸ್ಯೆ’ಯ ಮಕ್ಕಳಾದರು. 1970ರ ದಶಕದಲ್ಲಿ ಕೀನ್ಯಾದ ಕೊಕ್ವೆಟ್ ಎಂಬ ಹಳ್ಳಿಯಲ್ಲಿ ಕೆಲಸ ಮಾಡಿದ ಚಾರ್ಲ್ಸ್ ಸೂಪರ್ ಮತ್ತು ಸಾರಾ ಹಾರ್ಕ್‌ನೆಸ್ ಕಂಡದ್ದೂ ಇದನ್ನೇ. ತಾಯಿಯ ಮೈಗೆ ಅಂಟಿ ಮಲಗಿ, ಎದ್ದಾಗ ಹಾಲು ಕುಡಿದು ಮತ್ತೆ ಮಲಗುವ ಅಲ್ಲಿನ ಕೂಸುಗಳು ಅಮೆರಿಕದ ಕೂಸುಗಳಿಗಿಂತ ಹೆಚ್ಚು ಸಲ ಏಳುತ್ತಿದ್ದವು. ಅದರ ಬಗ್ಗೆ ದೂರುವ ತಾಯಂದಿರು ಮಾತ್ರ ಅಲ್ಲಿರಲಿಲ್ಲ.

ಕೊಕ್ವೆಟ್‌ವರೆಗೆ ಹೋಗಬೇಕಿಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡಿಗರಿಗೆ ಪರಿಚಿತ. ಯಾದಗಿರಿಯ ಬೀಸುವ ಕಲ್ಲಿನ ಮುಂದೆಯೂ ಇದೇ ತ್ರಿಪದಿಯ ಧಾಟಿ. ಅಳುವ ಕೂಸಿನ ಬಗ್ಗೆ ಈ ತಾಯಂದಿರಿಗಿದ್ದ ನಿಲುವು ಬೆರಗು ಹುಟ್ಟಿಸುವಂಥದ್ದು. ಕೂಸಿನ ಅಳು ಇರಲಿ, ಮನೆಗೆಲಸ ಹಾಳಾದರೆ ಆಗಲಿ, ಇಂಥವರೇ ಮನೆ ತುಂಬಲಿ ಎಂಬ ಭಾವದ ಪದ ಉತ್ತರ ಕರ್ನಾಟಕದ ಹೆಂಗಸರ ಬಾಯಲ್ಲಿ ಬಹಳ ಪ್ರಸಿದ್ಧ. ಅಳು ಇಲ್ಲಿ ದೋಷವಲ್ಲ, ಮನೆ ತುಂಬಿದ್ದರ ಗುರುತು. ಕೂಸು ಬದುಕಿ ಉಳಿಯುವುದೇ ಅನುಮಾನವಾಗಿದ್ದ ಕಾಲದಲ್ಲಿ ಗಟ್ಟಿ ಅಳುವಿಗಿಂತ ನೆಮ್ಮದಿಯ ಸದ್ದು ಯಾವುದಿದ್ದೀತು?

ಆ ಮನೆಗಳ ರೀತಿಯೂ ಕೂಸಿನ ಗುಣಕ್ಕೆ ಹೊಂದಿಕೊಳ್ಳುವಂತಿತ್ತು. ನಸುಕಿನಲ್ಲಿ ಜೋಳ ಬೀಸುವ ತಾಯಿಯ ತೊಡೆಯ ಮೇಲೆಯೇ ಕೂಸು. ಕಲ್ಲಿನ ಗುರುಗುರು ಸದ್ದು, ಹಾಡಿನ ಏರಿಳಿತ, ಮೈಯ ತೂಗಾಟ ಮೂರೂ ಒಟ್ಟಿಗೆ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಎಳೆಗೂಸು ಅದಕ್ಕೆ ಸ್ಪಂದಿಸುವುದನ್ನು ಬಿಟ್ಟು ತನ್ನ ನಿದ್ದೆಯನ್ನು ಕಾಯ್ದುಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1973ರಲ್ಲಿ ಪ್ರಕಟಿಸಿದ ನವಜಾತ ಶಿಶುಗಳ ಪರೀಕ್ಷೆಯಲ್ಲಿ ಒಂದು ಅಳತೆಗೋಲಾಗಿಯೇ ಬಳಸಿದರು. ಹೊಲದಲ್ಲಾದರೆ ಬೇವಿನ ಟೊಂಗೆಗೆ ಹಳೆಯ ಸೀರೆಯ ಜೋಳಿಗೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಕಲ್ಲಿನ ಮನೆ ಒಳಗೇ ಕುದಿಯುವಾಗ ಮಾಳಿಗೆಯ ಮೇಲೆ ಇಡೀ ಮನೆಯವರ ನಡುವೆ ಕೂಸಿನ ಹಾಸಿಗೆ. ಎದ್ದರೆ ತಾಯಿಯಲ್ಲದಿದ್ದರೆ ಅಜ್ಜಿ, ಅಜ್ಜಿಯಲ್ಲದಿದ್ದರೆ ಅತ್ತೆ. ಒಬ್ಬಳ ಮೇಲೇ ಬೀಳದ ಜಾಗರಣೆ ಭಾರವೆನಿಸದು. ಹಾಗೆಂದು ಇದನ್ನು ತೀರಾ ಚಂದ ಮಾಡಿ ಹೇಳುವುದೂ ಸರಿಯಲ್ಲ. ಹಗಲಿನ ಜಾಗರಣೆಯ ಪಾಲು ಎಷ್ಟೋ ಮನೆಗಳಲ್ಲಿ ಎಂಟು ಹತ್ತು ವರ್ಷದ ಅಕ್ಕನ ಕಂಕುಳಿಗೆ ಬಿತ್ತು. ಗದ್ದಲದ ತಮ್ಮನೊಬ್ಬನಿಂದ ಶಾಲೆ ತಪ್ಪಿದ ಅಕ್ಕಂದಿರ ಲೆಕ್ಕ ಇಟ್ಟವರಾರು?

ತೂಗುವುದರ ಹಿಂದಿನ ಗುಟ್ಟು ಇತ್ತೀಚೆಗೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತಿದೆ. ಅಳುವ ಕೂಸನ್ನು ಎತ್ತಿಕೊಂಡು ನಡೆದಾಡಿದರೆ ಅದರ ಎದೆಬಡಿತ ಕೆಲವೇ ಕ್ಷಣಗಳಲ್ಲಿ ನಿಧಾನವಾಗುತ್ತದೆ ಎಂದು ಜಪಾನಿನ ರೈಕೆನ್ ಸಂಸ್ಥೆಯ ಸಂಶೋಧಕರು 2013ರಲ್ಲಿ ತೋರಿಸಿದರು. ಐದು ನಿಮಿಷ ನಡೆದಾಡಿ, ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಎತ್ತಿಕೊಂಡು ಕುಳಿತು, ಆಮೇಲೆ ಹಾಸಿಗೆಗೆ ಇಳಿಸಿದರೆ ಕೂಸು ಏಳುವುದು ಕಡಿಮೆ ಎಂದು 2022ರಲ್ಲಿ ಲೆಕ್ಕವನ್ನೇ ಕೊಟ್ಟರು. ತೋಳಿನ ಮೇಲೆ ಕೂಸಿನ ಕೈ ಸಡಿಲಾಗುವವರೆಗೆ ಕಾಯುವ ನಮ್ಮ ಅಜ್ಜಿಯರಿಗೆ ಗಡಿಯಾರ ಬೇಕಿರಲಿಲ್ಲ, ಅಷ್ಟೆ.

ಆದರೆ ಎತ್ತಿಕೊಂಡ ಕೂಸು ಯಾವಾಗಲೂ ಮಲಗುವುದಿಲ್ಲ. 1960ರ ದಶಕದಲ್ಲಿ ಅನ್ನೆಲೀಸ್ ಕೋರ್ನರ್ ಎಂಬಾಕೆ ಅಳುತ್ತಿರುವ ನವಜಾತ ಶಿಶುಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಾಗ ಅವು ಅಳು ನಿಲ್ಲಿಸುವುದಷ್ಟೇ ಅಲ್ಲ, ಕಣ್ಣರಳಿಸಿ ಸುತ್ತ ನೋಡತೊಡಗುತ್ತವೆ ಎಂದು ದಾಖಲಿಸಿದರು. ನಿದ್ದೆ, ಅಳು, ಗಮನ ಒಂದಕ್ಕೊಂದು ತಗುಲಿಕೊಂಡಿರುವುದು ಇಲ್ಲಿ ಕಾಣುತ್ತದೆ. ನಿದ್ದೆಗೂ ಅಳುವಿಗೂ ನಡುವೆ ‘ತಿಳಿಯಾದ ಎಚ್ಚರ’ದ ಒಂದು ಸಣ್ಣ ಅವಧಿ ಇರುತ್ತದೆ. ಕೂಸು ಲೋಕವನ್ನು ಕಲಿಯುವುದು ಆ ಅವಧಿಯಲ್ಲೇ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನ ದಿನಚರಿ ಬರೆದಿಟ್ಟು 1877ರಲ್ಲಿ ಪ್ರಕಟಿಸಿದಾಗ, ಒಂಬತ್ತನೆಯ ದಿನಕ್ಕೇ ಅದರ ಕಣ್ಣು ಮೇಣದ ಬತ್ತಿಯ ಮೇಲೆ ನಿಂತಿತ್ತು ಎಂದು ಹೇಳಿದ್ದು ಇಂಥ ಒಂದು ಗಳಿಗೆಯ ಬಗ್ಗೆಯೇ ಇರಬೇಕು.

ಈ ಗಮನವೇ ಕೂಸನ್ನು ಸಮಾಧಾನ ಮಾಡುವ ಹಗ್ಗವೂ ಹೌದು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ನೋಡಿದವರಿಗೆ ಅವುಗಳ ಕೆಂಪು, ಹಸಿರು, ಹಳದಿಗಳ ಮೆರುಗು, ಮೈತುಂಬ ಬಿಡಿಸಿದ ಪುರಾಣದ ಚಿತ್ರಗಳು ನೆನಪಿರುತ್ತವೆ. ಬಡವರ ತೊಟ್ಟಿಲಿಗೆ ಚಿತ್ರವಿಲ್ಲದಿದ್ದರೂ ಬಟ್ಟೆಯ ಗಿಳಿಯೋ ಗಿಲಕಿಯೋ ತೂಗಾಡುತ್ತದೆ. ಅಳುವ ಕೂಸಿಗೆ ಗಿಲಕಿ ಆಡಿಸಿದರೆ ಸುಮ್ಮನಾಗುತ್ತದೆ. ಗಿಲಕಿ ತೆಗೆದರೆ ಮತ್ತೆ ಅಳು. ಅಮೆರಿಕದ ಮೇರಿ ರಾತ್‌ಬಾರ್ಟ್, ಮೈಕೇಲ್ ಪೋಸ್ನರ್ ಮತ್ತು ಸಂಗಡಿಗರು 1997ರಲ್ಲಿ ಮೂರರಿಂದ ಆರು ತಿಂಗಳ ಕೂಸುಗಳಲ್ಲಿ ಇದನ್ನೇ ಪರೀಕ್ಷಿಸಿದರು. ಆಟಿಕೆ ಕಣ್ಮರೆಯಾದೊಡನೆ ಕೂಸಿನ ಸಂಕಟ ಹೆಚ್ಚುಕಡಿಮೆ ಮೊದಲಿದ್ದ ಮಟ್ಟಕ್ಕೇ ಮರಳುತ್ತಿತ್ತು. ಗಮನ ಸಂಕಟವನ್ನು ಅಳಿಸುವುದಿಲ್ಲ, ತಡೆಹಿಡಿಯುತ್ತದೆ. ಅಳುವ ಕೂಸಿನ ಮುಂದೆ ಈಗ ಮೊಬೈಲ್ ಹಿಡಿಯುವವರು ಇದನ್ನು ನೆನಪಿಡುವುದು ಒಳ್ಳೆಯದು. ಹಸಿವೋ ನಿದ್ದೆಗಣ್ಣೋ ಆಗಿದ್ದರೆ ಅದು ಅಲ್ಲೇ ಇರುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಬೇಗ ಗಮನ ತಿರುಗುವ ಕೂಸು ತೊಟ್ಟಿಲಲ್ಲಿ ‘ಶಾಣ್ಯಾ ಕೂಸು’ ಎನ್ನಿಸಿಕೊಳ್ಳುತ್ತದೆ, ಆರು ವರ್ಷಗಳ ಮೇಲೆ ಅದೇ ಗುಣಕ್ಕಾಗಿ ಮಾಸ್ತರರ ಬೈಗುಳ ತಿನ್ನುತ್ತದೆ. ಕಸಿದುಕೊಂಡ ವಸ್ತುವನ್ನು ಮರೆಯದೆ ಅಳುವ ಹಟಮಾರಿಗೆ ಆಗ ಏಕಾಗ್ರತೆಯ ಹೊಗಳಿಕೆ! ಇನ್ನು ನಿದ್ದೆಯ ಗುಣಮಟ್ಟಕ್ಕೂ ಮುಂದಿನ ಗಮನಶಕ್ತಿಗೂ ಸಂಬಂಧ ಹುಡುಕಿದವರಲ್ಲಿ ಇಸ್ರೇಲಿನ ಅವಿ ಸಾಡೆ ಮುಖ್ಯರು. ಒಂದು ವರ್ಷದ ವಯಸ್ಸಿನಲ್ಲಿ ರಾತ್ರಿ ನಿದ್ದೆ ತುಂಡಾಗುತ್ತಿದ್ದ ಮಕ್ಕಳಿಗೆ ಮೂರು ನಾಲ್ಕು ವರ್ಷಕ್ಕೆ ಗಮನ ಹಿಡಿತದಲ್ಲಿಡುವುದು ತುಸು ಕಷ್ಟವಾಗುತ್ತಿತ್ತೆಂದು 2015ರಲ್ಲಿ ಅವರು ಮತ್ತು ಸಂಗಡಿಗರು ವರದಿ ಮಾಡಿದರು. ನಿದ್ದೆ ಕೆಟ್ಟು ಗಮನ ಕೆಟ್ಟಿತೋ, ಎರಡಕ್ಕೂ ಬೇರು ಒಂದೇ ಹುಟ್ಟುಗುಣವೋ ಎಂಬುದನ್ನು ಇಂಥ ಒಂದು ಅಧ್ಯಯನದಿಂದ ಹೇಳಲಾಗದು. ತಾಯಂದಿರು ಗಾಬರಿಯಾಗುವ ಕಾರಣವಿಲ್ಲ.

ಗಾಬರಿಯಾಗಬೇಕಾದ ಇತಿಹಾಸ ಬೇರೆಯದೇ ಇದೆ. ಅದು ಕೂಸನ್ನು ಗಪ್ಪಾಗಿಸಿದ ಇತಿಹಾಸ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳಿಗೆ ‘ಗಾಡ್‌ಫ್ರಿ ಕಾರ್ಡಿಯಲ್’ ಎಂಬ ಅಫೀಮಿನ ಪಾನಕ ಕು��ಿಸಿ ಹೋಗುತ್ತಿದ್ದರು. ಅಮೆರಿಕದಲ್ಲಿ ‘ಮಿಸೆಸ್ ವಿನ್ಸ್ಲೋ’ ಹೆಸರಿನ ಸಮಾಧಾನದ ಸಿರಪ್ಪಿನಲ್ಲಿ ಮಾರ್ಫಿನ್ ಇರುತ್ತಿತ್ತು. 1906ರ ಕಾನೂನು ಬರುವವರೆಗೆ ಸೀಸೆಯ ಮೇಲೆ ಅದನ್ನು ನಮೂದಿಸುವ ಕಟ್ಟೂ ಇರಲಿಲ್ಲ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮ ಮನೆಮನೆಯ ಕಪಾಟು ಸೇರಿದ ಗ್ರೈಪ್ ವಾಟರ್‌ನ ಮೂಲ ಸೂತ್ರದಲ್ಲೂ ಮದ್ಯಸಾರವಿತ್ತು, ಈಗ ಅದನ್ನು ಕೈಬಿಡಲಾಗಿದೆ. ಭಾರತದಲ್ಲಿ ಅಫೀಮಿನ ‘ಬಾಳಗೋಳಿ’ ಬಳಕೆಯಲ್ಲಿತ್ತು. 1920ರ ದಶಕದ ಆರಂಭದಲ್ಲಿ ಮುಂಬಯಿ ಸರ್ಕಾರಕ್ಕಾಗಿ ಗಿರಣಿ ಹೆಂಗಸರ ಸ್ಥಿತಿಗತಿ ತನಿಖೆ ಮಾಡಿದ ಡಾ. ಬಾರ್ನ್ಸ್ ಎಂಬ ವೈದ್ಯೆ, ಆ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸಲಾಗುತ್ತಿದೆ ಎಂದು ವರದಿ ಮಾಡಿದರು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಹತ್ತು ಹನ್ನೊಂದು ತಾಸಿನ ಪಾಳಿಗೆ ಹೋಗುವವಳ ಕೂಸು ಹಟದ್ದಾಗಿರುವಂತಿರಲಿಲ್ಲ, ಅಷ್ಟೆ. ಗಿರಣಿಯ ಗಡಿಯಾರಕ್ಕೂ ಕೂಸಿನ ಹೊಟ್ಟೆಗೂ ಹೊಂದಿಕೆಯಾಗದಿದ್ದಾಗ ಗಡಿಯಾರವನ್ನು ಯಾರೂ ತಿದ್ದಲಿಲ್ಲ.

ನಮ್ಮ ಕಡೆಯ ಗುಟ್ಟಿಯ ಮಾತು ಬೇರೆ. ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ, ಅರಿಷಿಣದ ಕೊಂಬು, ಉತ್ತತ್ತಿಗಳನ್ನು ಸಾಣೆಕಲ್ಲಿನ ಮೇಲೆ ಇಷ್ಟಿಷ್ಟೇ ತೇಯ್ದು ನೆಕ್ಕಿಸುವುದರ ಹಿಂದೆ ಹೊಟ್ಟೆನೋವು ತಗ್ಗಿಸುವ ಉದ್ದೇಶವಿತ್ತು. ಆದರೆ ಜಾಯಿಕಾಯಿ ಒಂದು ಸುತ್ತು ಹೆಚ್ಚಾದರೆ ಕೂಸು ಮಂಪರಿಗೆ ಜಾರುತ್ತದೆಂಬುದು ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಇನ್ನೇನೂ ಬೇಡ ಎಂದು ಇಂದಿನ ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಗಪ್ಪನ ಕೂಸೇ ಒಳ್ಳೆಯ ಕೂಸು ಎಂಬ ಎಣಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಪೂರ್ವ ಆಫ್ರಿಕದ ಒಂದು ಬರಗಾಲ. ಮಾರ್ಟೆನ್ ಡಿವ್ರೀಸ್ ಎಂಬ ವೈದ್ಯ 1974ರಲ್ಲಿ ಮಸಾಯಿ ಜನರ ಎಳೆಗೂಸುಗಳಲ್ಲಿ ಸರಳ ಸ್ವಭಾವದವನ್ನೂ ಕಷ್ಟದ ಸ್ವಭಾವದವನ್ನೂ ಗುರುತಿಸಿದ್ದರು. ಆಗ ಆ ನಾಡಿನಲ್ಲಿ ಭೀಕರ ಬರ, ದನಗಳೆಲ್ಲ ಸಾಯುತ್ತಿದ್ದವು. ಕೆಲವು ತಿಂಗಳ ನಂತರ ಮರಳಿ ಹೋಗಿ ಹುಡುಕಿದಾಗ ಸರಳ ಸ್ವಭಾವದ ಕೂಸುಗಳಲ್ಲಿ ಹೆಚ್ಚಿನವು ತೀರಿಕೊಂಡಿದ್ದವು, ಹಟದ ಕೂಸುಗಳಲ್ಲಿ ಹೆಚ್ಚಿನವು ಬದುಕಿದ್ದವು. ಲೆಕ್ಕಕ್ಕೆ ಸಿಕ್ಕ ಕೂಸುಗಳು ಬೆರಳೆಣಿಕೆಯಷ್ಟು, ಆದ್ದರಿಂದ ಇದನ್ನೇ ಸಿದ್ಧಾಂತವಾಗಿಸಬಾರದು. ಆದರೂ ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ನಮ್ಮ ಗಾದೆಗೆ ಇದಕ್ಕಿಂತ ಎದೆ ಝಲ್ಲೆನ್ನಿಸುವ ಸಾಕ್ಷಿ ಬೇಕಿಲ್ಲ.

ಈ ಮಾತು ಯಾದಗಿರಿಗೆ ಹತ್ತಿರದ್ದು. 2009ರ ಡಿಸೆಂಬರಿನಲ್ಲಿ ಗುಲ್ಬರ್ಗದಿಂದ ಬೇರೆಯಾದ ಈ ಜಿಲ್ಲೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಕ್ಕಳ ಬೆಳವಣಿಗೆ ಅತಿ ಹೆಚ್ಚು ಕುಂಠಿತವಾಗಿರುವ ಜಿಲ್ಲೆಗಳಲ್ಲೊಂದು. ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತದಲ್ಲಿ ಕಬ್ಬಿಣದ ಕೊರತೆಯಿರುವ ಕೂಸುಗಳು ಬೇಗ ದಣಿಯುತ್ತವೆ, ತಾಯಿಗೆ ಅಂಟಿಕೊಂಡಿರುತ್ತವೆ, ಹೊಸದನ್ನು ಕಂಡರೆ ಹಿಂಜರಿಯುತ್ತವೆ ಎಂದು ಬೆಟ್ಸಿ ಲೋಜಾಫ್ ಎಂಬ ಅಮೆರಿಕದ ವೈದ್ಯೆ ಕೋಸ್ಟರಿಕಾದಲ್ಲಿ ನಡೆಸಿದ ಅಧ್ಯಯನಗಳಿಂದ ತಿಳಿದುಬಂದಿದೆ. ನಾವು ಅಂಜುಬುರುಕ ಎಂದೋ ಗಪ್ಪನ ಕೂಸು ಎಂದೋ ಹೆಸರಿಟ್ಟು ನೆಮ್ಮದಿಯಾಗಿರುವ ಕೂಸಿನದು ಹುಟ್ಟುಗುಣವೇ ಅಲ್ಲದಿರಬಹುದು, ಬರೀ ನಿತ್ರಾಣ ಇರಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ನಿತ್ರಾಣ ಅನ್ನದಿಂದ, ಔಷಧದಿಂದ ಹೋಗುತ್ತದೆ.

ಸುಗ್ಗಿ ಮುಗಿದ ಮೇಲೆ ಇಲ್ಲಿನ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ. ಏಳುತ್ತಿರುವ ಕಟ್ಟಡದ ಕಂಬಗಳ ನಡುವೆ ಜೋಳಿಗೆ ತೂಗುತ್ತಿರುತ್ತದೆ, ಕೆಳಗೆ ಅಜ್ಜಿಯಿಲ್ಲ, ಅತ್ತೆಯಿಲ್ಲ. ಊರಲ್ಲೇ ಉಳಿದು ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಹೆಸರೇನೋ ಸೊಗಸಾಗಿದೆ. ಒಬ್ಬ ಕಾರ್ಯಕರ್ತೆಯ ಎರಡು ಕೈಗಳಿಗೆ ಹಲವು ಕೂಸುಗಳು ಬಿದ್ದಾಗ ಗದ್ದಲದ್ದನ್ನು ಮೊದಲು ಎತ್ತಿಕೊಳ್ಳುವುದು ಮನುಷ್ಯ ಸಹಜ. ಮೂಲೆಯಲ್ಲಿ ಮಲಗಿದ ಗಪ್ಪನ ಕೂಸಿನ ಸರದಿ ಕೊನೆಗೆ.

2011ರಿಂದ ಆಶಾ ಕಾರ್ಯಕರ್ತೆಯರು ನವಜಾತ ಶಿಶುಗಳಿರುವ ಮನೆಗೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಭೇಟಿ ಕೊಡುವ ಪದ್ಧತಿ ಬಂದಿದೆ. ಅವರ ನಮೂನೆಯಲ್ಲಿ ಕೂಸಿನ ತೂಕ, ಮೈಬಿಸಿಗಳ ಜೊತೆಗೆ ಅಪಾಯದ ಗುರುತುಗಳ ಪಟ್ಟಿಯಿದೆ. ಕೈಕಾಲು ಜೋಲುಬಿದ್ದಿವೆಯೇ, ಹಾಲು ಕುಡಿಯುವುದು ಕಡಿಮೆಯಾಗಿದೆಯೇ ಎಂಬವುಗಳ ಸಾಲಿನಲ್ಲೇ ಇನ್ನೊಂದು ಪ್ರಶ್ನೆ ಇದೆ: ಕೂಸಿನ ಅಳು ಕ್ಷೀಣವಾಗಿದೆಯೇ, ಅಥವಾ ನಿಂತೇಹೋಗಿದೆಯೇ? "ಭಾಳ ಗಪ್ಪನ ಕೂಸು ಅದರಿ ಅಕ್ಕಾರ, ಎರಡು ದಿನದಿಂದ ಅತ್ತೇ ಇಲ್ಲ" ಎಂದು ಬಾಣಂತಿಯ ತಾಯಿ ಹಿಗ್ಗಿನಿಂದ ಹೇಳಿದರೆ, ಆಶಾ ಕಾರ್ಯಕರ್ತೆ ಮಾಡಬೇಕಾದ ಮೊದಲ ಕೆಲಸ ಕೂಸನ್ನು ಆಸ್ಪತ್ರೆಗೆ ಕಳುಹಿಸುವುದು.